ಗೋಡೆಯ ಹೆಸರಿನಲ್ಲಿ

ಮಾರ್ಚ್ 1, ಶುಕ್ರವಾರ

ಇವತ್ತು ಕೈ ಓಡಿತು. ಎಷ್ಟೋ ವಾರಗಳ ಮೇಲೆ ಇಂಥ ದಿನ. ಫುಟ್‌ಬಾಲ್ ಸೆಮಿಫೈನಲ್ ಮುಗಿದ ಕೂಡಲೇ ಕೂತವಳು, ಅಕ್ಕ ತಾನು ನಡೆಸುವ ಡ್ರೈವಿಂಗ್ ಸ್ಕೂಲಿನ ದಿನದ ಕೊನೆಯ ಪಾಠ ಮುಗಿಸಿ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಅಂಕಣ ಕಳಿಸಿಯೂ ಆಗಿತ್ತು.

ಪಂದ್ಯ ಟೀವಿಯಲ್ಲೇ ನೋಡಿದೆ. ಕ್ರೀಡಾಂಗಣಕ್ಕೆ ಹೋಗುವುದು ಬಿಟ್ಟು ಕಾಲವಾಯಿತು. ಪತ್ರಕರ್ತರ ಸಾಲಿನಲ್ಲಿ ಈಗ ಕೂರುವ ಮಕ್ಕಳು ನನ್ನನ್ನು ಯಾವುದೋ ಆಟಗಾರ್ತಿಯ ಅಮ್ಮ ಅಂದುಕೊಂಡು ಎದ್ದು ಜಾಗ ಕೊಡುತ್ತಾರೆ. ನಮ್ಮ ಹುಡುಗಿಯರು ಸೋತರು, ಅದೂ ಒಂದೇ ಗೋಲಿಗೆ. ಕಾರ್ನರ್‌ನಿಂದ ಎದ್ದು ಬಂದ ಚೆಂಡು, ಎಡಗಂಬದ ಕಡೆಗೆ, ಅಷ್ಟೇನೂ ಬಿರುಸಿರಲಿಲ್ಲ. ಗೋಲ್‌ಕೀಪರ್, ಎಲ್ಲರೂ ಅಳಿಲು ಎಂದು ಕರೆಯುವ ಹುಡುಗಿ, ಎಡಗೈ ಚಾಚಿದ್ದರೆ ಸಾಕಿತ್ತು. ಚಾಚಲಿಲ್ಲ. ಆ ಕೈಯನ್ನು ಹಿಂದಕ್ಕೆಳೆದುಕೊಂಡು ಬಲಗೈಯನ್ನು ಅಡ್ಡ ತಂದಳು. ಅಷ್ಟರಲ್ಲಿ ಚೆಂಡು ಬಲೆಯಲ್ಲಿತ್ತು. ಟೀವಿಯವರು ಅದನ್ನೇ ಹಿಂದೆ ಮುಂದೆ ಎಳೆದೆಳೆದು ತೋರಿಸಿದರು.

ಅಕ್ಕನದು ಎಂದಿನ ಪ್ರಶ್ನೆ. "ಇವತ್ತು ಯಾರಾಗಿದ್ಯೇ?"

"ಗೋಡೆ."

"ಹೋದ ವಾರ ಈಜುಗಾರ, ಅದರ ಹಿಂದಿನ ವಾರ ಶೂ ಕಂಪನಿ. ಒಂದಿನ ನೀನೇ ಆಗಿ ಊಟಕ್ಕೆ ಬಾ, ನೋಡೋಣ."

ನಗು ಬಂತು. ಅವಳು ಹೇಳುವುದರಲ್ಲಿ ತಪ್ಪೇನಿಲ್ಲ. ಚಿಕ್ಕ ವಯಸ್ಸಿನಲ್ಲಿ ಪರ್ವತ ಹತ್ತುವವರ ಬೆನ್ನು ಹತ್ತಿ ಬರೆದೆ, ಸೈಕಲ್ ಪ್ರವಾಸ ಬರೆದೆ, ರೇಡಿಯೋದಲ್ಲಿ ವೀಕ್ಷಕ ವಿವರಣೆ ಕೊಟ್ಟು ಗಂಟಲು ಹರಿದುಕೊಂಡೆ, ಪತ್ರಿಕೆಯ ಕ್ರೀಡಾಪುಟದಲ್ಲಿ ಅರ್ಧ ಆಯಸ್ಸು ಕಳೆದೆ. ಪುಟ ಅರ್ಧಕ್ಕಿಳಿದು ನನ್ನ ಕುರ್ಚಿಯೂ ಹೋದ ಮೇಲೆ ಉಳಿದದ್ದು ಇದು, ಆಡಿದವರ ಹೆಸರಿನಲ್ಲಿ ಬರೆಯುವುದು. ಫೋಟೋ ಅವರದು, ಹೆಸರು ಅವರದು, ವಾಕ್ಯ ನನ್ನದು. ಅದರಲ್ಲಿ ಎಲ್ಲಕ್ಕಿಂತ ಹೆಚ್ಚು ಓದುಗರಿರುವುದು ಎಲ್ಲರೂ ಗೋಡೆ ಎನ್ನುವ ಹಳೆಯ ಗೋಲ್‌ಕೀಪರರ ಭಾನುವಾರದ ಅಂಕಣ 'ಕಂಬಗಳ ನಡುವೆ'ಗೆ. ಒಂದು ಕಾಲಕ್ಕೆ ಅವರು ಗೋಲಿನ ಮುಂದೆ ನಿಂತರೆ ಎದುರಾಳಿಗಳ ಕಾಲು ನಡುಗುತ್ತಿತ್ತಂತೆ. ಈಗ ಮಂಡಿ ಸವೆದಿದೆ, ಕಣ್ಣು ಮಂಜಾಗಿದೆ. ಅಳಿಲಿಗೆ ಚಿಕ್ಕಂದಿನಿಂದ ಆಟ ಕಲಿಸಿದವರೂ ಅವರೇ.

ಅವರಿಗೆ ಫೋನ್ ಮಾಡಿದ್ದೆ, ಎತ್ತಲಿಲ್ಲ. ಎತ್ತಿದ್ದರೂ "ನೀವೇ ಬರೀರಮ್ಮ, ನಿಮಗೆ ಗೊತ್ತಲ್ಲ" ಅನ್ನುತ್ತಿದ್ದರು.

ಇವತ್ತಿನ ವಾಕ್ಯಗಳು ಮಾತ್ರ ಸೊಗಸಾಗಿ ಬಂದಿವೆ. ಇಲ್ಲೂ ಬರೆದಿಡುತ್ತೇನೆ: "ಗೋಲ್‌ಕೀಪರ್‌ಗೆ ಕೈಯಿದ್ದರೆ ಸಾಲದು, ಗುಂಡಿಗೆ ಬೇಕು. ಆ ಗುಂಡಿಗೆ ಈ ಹುಡುಗಿಗಿಲ್ಲ. ಅವಳು ಚೆಂಡಿಗೆ ಹೆದರಿದಳು. ನಾನು ಕಣ್ಣಾರೆ ಕಂಡೆ." ಕೊನೆಯ ಮೂರು ಪದ ಬೇಕೋ ಬೇಡವೋ ಎಂದು ಯೋಚಿಸಿ, ಇರಲಿ ಎಂದು ಬಿಟ್ಟೆ.

ಮಾರ್ಚ್ 3, ಭಾನುವಾರ

ಬೆಳಿಗ್ಗೆ ಹಲ್ಲುಜ್ಜುತ್ತಿರುವಾಗಲೇ ಪುಟದ ಸಂಪಾದಕನ ಫೋನು. ನನಗಿಂತ ಎಷ್ಟೋ ಚಿಕ್ಕವನು, ಆದರೆ ಅಂಕಣ ಮೇಲೇರಿದ ದಿನ ನನಗಿಂತ ಹೆಚ್ಚು ಅವನೇ ಹಿಗ್ಗುತ್ತಾನೆ.

"ಮೇಡಂ, ಬೆಂಕಿ! ಎಲ್ಲ ಕಡೆ ಅದೇ ಓಡಾಡ್ತಿದೆ. ಸ್ವಂತ ಶಿಷ್ಯೇನೂ ಬಿಡ್ಲಿಲ್ಲ ನೋಡಿ ಗೋಡೆ, ಇದಪ್ಪಾ ನೇರ ಮಾತು ಅಂತಿದಾರೆ ಜನ. ನೀವು ಅವರ ಆತ್ಮಕಥೆ ಶುರು ಮಾಡೇಬಿಡಿ."

ಆತ್ಮಕಥೆ! ಮತ್ತೊಬ್ಬರದು ಬರೆದರೂ ಅದನ್ನು ಆತ್ಮಕಥೆ ಎನ್ನಬೇಕು. ಇರಲಿ, ಒಂದು ವರ್ಷದ ಕೆಲಸವಾಯಿತು. ಖುಷಿಯಲ್ಲಿ ಮನೆಯೆಲ್ಲ ಗುಡಿಸಿದೆ.

ಅಕ್ಕ ಅಂಕಣ ಓದಿ ಕನ್ನಡಕ ತೆಗೆದಿಟ್ಟಳು. "ಇದು ಅವರಾಡಿದ ಮಾತಾ?"

"ಅವರು ಆಡೋ ಥರದ ಮಾತು."

"ಥರದ್ದು ಅಂದ್ರೆ?"

"ಅಕ್ಕಾ, ಬರೆಯೋದು ಅಂದ್ರೆ ಕ್ಲಚ್ ಬಿಟ್ಟಷ್ಟು ಸುಲಭ ಅಲ್ಲ. ನಿಂಗೆ ಅರ್ಥ ಆಗಲ್ಲ, ಬಿಡು."

ಅವಳು ಬಿಟ್ಟಳು. ಇಷ್ಟು ಸುಲಭಕ್ಕೆ ಅವಳು ಯಾವುದನ್ನೂ ಬಿಡುವವಳಲ್ಲ.

ಮಾರ್ಚ್ 5, ಮಂಗಳವಾರ

ಇವತ್ತಿನ ಪತ್ರಿಕೆಯ ಒಂದು ಮೂಲೆಯಲ್ಲಿ ಪುಟ್ಟ ಸುದ್ದಿ. ಅಳಿಲು ಸೆಮಿಫೈನಲ್ ಆಡಿದ್ದು ಮುರಿದ ಬೆರಳಿನಲ್ಲಿ. ಎಡಗೈಯ ಕಿರುಬೆರಳು, ಹಿಂದಿನ ದಿನದ ಅಭ್ಯಾಸದಲ್ಲಿ ಮುರಿದದ್ದು. ಇನ್ನೊಬ್ಬ ಕೀಪರ್ ಹಾಸಿಗೆ ಹಿಡಿದಿದ್ದರಿಂದ ತಂಡ ವಿಷಯ ಮುಚ್ಚಿಟ್ಟಿತ್ತು ಎಂದು ತಂಡದ ವೈದ್ಯರು ಹೇಳಿದ್ದಾರೆ.

ತಂಡವೇ ಮುಚ್ಚಿಟ್ಟರೆ ನನಗೆ ಹೇಗೆ ಗೊತ್ತಾಗಬೇಕು? ಟೀವಿಯವರಿಗೆ ಗೊತ್ತಿತ್ತೇ? ಊರಿನ ಯಾವ ಪತ್ರಕರ್ತನಿಗೆ ಗೊತ್ತಿತ್ತು? ಗವಸಿನೊಳಗಿನ ಬೆರಳು ಯಾರಿಗೆ ಕಾಣುತ್ತದೆ?

ಇಷ್ಟೂ ವಾದ ನನ್ನ ಜೊತೆ ನಾನೇ ಹೂಡಿ ನಾನೇ ಗೆದ್ದೆ. ಆದರೂ ಆ ಸುದ್ದಿಯನ್ನು ಮತ್ತೆ ಮತ್ತೆ ತೆಗೆದು ಓದಿದೆ. ಗೋಡೆಗೆ ಗೊತ್ತಿತ್ತೇ? ಫೋನ್ ಮಾಡಿ ಕೇಳಬಹುದಿತ್ತು. ಮಾಡಲಿಲ್ಲ.

ಮಾರ್ಚ್ 7, ಗುರುವಾರ

ಅವರ ಮನೆಗೆ ಹೋಗಿ ಬಂದೆ. ಬರೆಯುವುದಕ್ಕೇ ನಾಚಿಕೆಯಾಗುತ್ತಿದೆ. ಬರೆಯದಿದ್ದರೆ ನಾಳೆ ಇದನ್ನೂ ಬೇರೆ ಥರ ನೆನಪಿಟ್ಟುಕೊಳ್ಳುತ್ತೇನೆ ಎಂಬ ಭಯಕ್ಕೆ ಬರೆಯುತ್ತಿದ್ದೇನೆ.

ಬಾಗಿಲು ತೆಗೆದದ್ದು ಅವರ ಹೆಂಡತಿ. ನಾನು ಅವರನ್ನು ಅಮ್ಮ ಎಂದೇ ಕರೆಯುವುದು. "ಎಷ್ಟ್ ದಿನ ಆಯ್ತೇ ತಾಯಿ ನೀನು ಈ ಕಡೆ ಬಂದು" ಎಂದರು. ವರ್ಷದ ಮೇಲಾಗಿದೆ. ಅಂಕಣದ ಶುರುವಿನಲ್ಲಿ ವಾರವಾರ ಹೋಗುತ್ತಿದ್ದೆ. ಅವರು ಮಾತಿಗೆ ಕೂತರೆ ಹುಲ್ಲಿನ ಎತ್ತರ, ಗವಸಿನ ಚರ್ಮ, ಯಾವುದೋ ರೆಫರಿಯ ಹರಿದ ಬೂಟು, ಎಲ್ಲ ಸುತ್ತಿ ಬಂದು ಕೊನೆಗೆ ಬಳಸುವಂಥ ಒಂದು ವಾಕ್ಯ ಸಿಗುತ್ತಿತ್ತು. ಆ ಒಂದು ವಾಕ್ಯ ನಾನೇ ಬರೆದುಕೊಂಡರಾಯಿತಲ್ಲ ಎಂದು ಹೋಗುವುದನ್ನು ಬಿಟ್ಟು ಫೋನಿಗೆ ಇಳಿದೆ.

ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕಾಲನ್ನು ಮಣೆಯ ಮೇಲೆ ಚಾಚಿ ಕೂತಿದ್ದರು. "ಯಾರು, ಬರಹಗಾರ್ತೀನಾ? ಬನ್ನಿ ಬನ್ನಿ." ಸಿಟ್ಟಿರಲಿಲ್ಲ. ಬೈದಿದ್ದರೆ ಅಲ್ಲೇ ಕೂತು ಅತ್ತು ಹಗುರಾಗುತ್ತಿದ್ದೆ.

"ಭಾನುವಾರ ಅಳಿಲು ಬಂದಿದ್ಲು," ಎಂದರು. "ಯಾವಾಗ್ಲೂ ಬರ್ತಾಳಲ್ಲ, ಅಂಕಣ ಓದಿ ಹೇಳೋಕೆ. ನನ್ನ ಕಣ್ಣಿಗೆ ಅಕ್ಷರ ನಿಲ್ಲಲ್ಲ ನೋಡಿ. ಪೇಪರ್ ಮಡಿಕೆ ಬಿಚ್ಚದೆ ಹಾಗೇ ತರ್ತಾಳೆ. ಮೊದ್ಲೇ ಓದ್ಬಿಟ್ರೆ ಮಜಾ ಇರಲ್ಲ ಅಜ್ಜ ಅಂತಾಳೆ."

ನಾನು ಎದುರಿನ ಕುರ್ಚಿಯ ತುದಿಗೆ ಕೂತೆ.

"ಇಲ್ಲೇ ಕೂತು ಓದಿದ್ಲು. ಆ ಸಾಲು ಬಂತು. ಇನ್ನೇನು ನಿಲ್ಲಿಸ್ತಾಳೆ ಅಂದ್ಕೊಂಡೆ. ನಿಲ್ಲಿಸ್ಲಿಲ್ಲಮ್ಮ. ಪೂರ್ತಿ ಓದಿದ್ಲು. ಕೆಳಗಿರೋ ನನ್ನ ಹೆಸರೂ ಓದಿದ್ಲು. ಅದೊಂದು ಅಭ್ಯಾಸ ಅವಳಿಗೆ, ರೇಡಿಯೋದವರ ಥರ ಕೊನೆಗೆ ಹೆಸರು ಹೇಳಿ ಮುಗಿಸೋದು. ಪೇಪರ್ ಮಡಚಿ ಟೀಪಾಯಿ ಮೇಲಿಟ್ಟು, 'ಬರ್ತೀನಿ ಅಜ್ಜ' ಅಂತ ಎದ್ದು ಹೋದ್ಲು. ಆಮೇಲೆ ಬಂದಿಲ್ಲ."

"ಬೆರಳು..." ಎಂದೆ.

"ಆವತ್ತು ಬೆಳಿಗ್ಗೆ ಅದಕ್ಕೆ ಟೇಪ್ ಸುತ್ತಿದ್ದೇ ನಾನು. ಆಡೇ ಆಡ್ತೀನಿ ಅಂತ ಹಟ ಹಿಡಿದ್ಲು. ಸರಿ, ಎಡಗೈ ಮುಂದೆ ಹಾಕ್ಬೇಡ, ಅದು ಹೋದ್ರೆ ಕೈಯೇ ಹೋಗತ್ತೆ, ಬಲಗೈ ಅಡ್ಡ ತಾ ಅಂತ ಹೇಳ್ಕೊಟ್ಟೆ. ಹೇಳಿದ ಹಾಗೇ ಮಾಡಿದ್ಲು ಪಾಪ."

ಅವರು ಕಲಿಸಿದ್ದನ್ನು ಅವಳು ಚಾಚೂ ತಪ್ಪದೆ ಮಾಡಿದ್ದಳು. ಅವರ ಹೆಸರಿನಲ್ಲಿ ನಾನು ಅದನ್ನು ಹೇಡಿತನ ಎಂದೆ.

ಅಷ್ಟಾದರೂ ನನ್ನ ಬಾಯಿಗೆ ಬಂದ ಮಾತು ನೋಡು: "ನೀವು ಅವಳಿಗೆ ಹೇಳಬೇಕಿತ್ತು ಸರ್, ನಾನು ಬರೆದಿದ್ದಲ್ಲ ಅಂತ." ತಪ್ಪು ಮಾಡಿದವಳು ನಾನು, ಹೇಳಬೇಕಾದವರು ಅವರಂತೆ.

"ಹೆಸರು ನಂದೇ ಅಲ್ವಾ? ಮುಂದೆ ಹತ್ತು ಜನ ತಪ್ಪು ಮಾಡಿದ್ರೂ ಒಳಗೆ ಹೋದ ಗೋಲು ಕೀಪರ್‌ದು. ಮೈದಾನದಲ್ಲಿ ನಿಂತು ಇನ್ನೊಬ್ಬರ ಕಡೆ ಬೆರಳು ತೋರಿಸಿದೋನಲ್ಲ ನಾನು. ಅದೂ ಅಲ್ದೆ, ಆ ಅಂಕಣಗಳ್ನೆಲ್ಲ ಕತ್ತರಿಸಿ ಬೀರು ಬಾಗಿಲ ತುಂಬಾ ಅಂಟಿಸ್ಕೊಂಡಿದಾಳೆ ಆ ಮಗು. ಅಜ್ಜ ಬರೆದದ್ದಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ? ನೀವೂ ಹೇಳ್ಬೇಡಿ."

ಮುಂದಿನ ವಾರ ಅವಳನ್ನು ಹೊಗಳಿ ಬರೆಯುತ್ತೇನೆ ಎಂದೆ. ಅವರು ಮಣೆಯ ಮೇಲಿನ ಕಾಲನ್ನು ಕೆಳಗಿಳಿಸಿದರು.

"ಬೈದಿದ್ದೂ ನೀವೇ, ಹೊಗಳೋದೂ ನೀವೇ. ಅದ್ರಲ್ಲಿ ನಾನೆಲ್ಲಿದೀನಮ್ಮ?"

ಗೇಟಿನವರೆಗೆ ಬಿಡಲು ಬಂದ ಅಮ್ಮ ಮೆಲ್ಲಗೆ ಹೇಳಿದರು. "ಶುಕ್ರವಾರ ಆದ್ರೆ ಸಾಕು, ಅವರ ಕಿವಿಯೆಲ್ಲ ಫೋನ್ ಮೇಲೇ. ಎರಡು ಸಲ ಹೊಡ್ಕೊಂಡು ನಿಂತ್ಹೋಗತ್ತೆ. ಆ ಮಂಡೀಲಿ ಅವರು ಏಳೋದೇ ಅಷ್ಟು ಹೊತ್ತು. ನಿಂತ ಮೇಲೂ ಹೋಗಿ ಫೋನ್ ಪಕ್ಕ ನಿಂತಿರ್ತಾರೆ, ಮತ್ತೆ ಮಾಡಬಹುದು ಅಂತ. ಆವತ್ತು ಅವರು ಮ್ಯಾಚಿಗೆ ಹೋದೋರು ಇನ್ನೂ ಬಂದಿರ್ಲಿಲ್ಲ. ನಾನೇ ಒಗೀತಿದ್ದ ಬಟ್ಟೆ ಬಿಟ್ಟು ಓಡಿ ಬಂದೆ. ಕೈ ಹಾಕೋಷ್ಟರಲ್ಲಿ ನಿಂತ್ಹೋಯ್ತು. ಎತ್ತಿದ್ದಿದ್ರೆ ನಾನೇ ಹೇಳ್ತಿದ್ದೆ. ಬೆರಳಿನ ವಿಷಯ ನಂಗೂ ಗೊತ್ತಿತ್ತಲ್ಲ."

ಆ ದಿನ "ಫೋನ್ ಮಾಡಿದ್ದೆ, ಎತ್ತಲಿಲ್ಲ" ಎಂದು ಇಲ್ಲಿ ಬರೆದಿದ್ದೇನೆ. ಯಾರೂ ಓದದ ಕಡೆಯೂ ಸುಳ್ಳು. ಎರಡು ರಿಂಗಿಗೆ ನಾನೇ ಇಟ್ಟೆ. ಎಷ್ಟೋ ಕಾಲದಿಂದ ಹಾಗೇ ಮಾಡುತ್ತಿದ್ದೇನೆ. ಕೇಳಿದೆ ಅನ್ನಿಸಿಕೊಳ್ಳಬೇಕು, ಅವರು ಎತ್ತಬಾರದು. ಎತ್ತಿದರೆ ಹುಲ್ಲಿನ ಕಥೆ ಶುರುವಾಗುತ್ತದೆ.

ಮಾರ್ಚ್ 8, ಶುಕ್ರವಾರ

ಬರೆಯಲಿಲ್ಲ. ಗೋಡೆಗೆ ಜ್ವರ, ಈ ವಾರ ಅಂಕಣವಿಲ್ಲ ಎಂದು ಸಂಪಾದಕನಿಗೆ ಹೇಳಿದೆ. ಫೋನಿಟ್ಟ ಮೇಲೆ ಹೊಳೆಯಿತು, ಜ್ವರವನ್ನೂ ಅವರ ಹೆಸರಿಗೇ ಹಚ್ಚಿದೆ.

ಮಾರ್ಚ್ 11, ಸೋಮವಾರ

ಅಮ್ಮ ಫೋನ್ ಮಾಡಿದ್ದರು. ಅಳಿಲಿಗೆ ರಾಷ್ಟ್ರೀಯ ಶಿಬಿರದಿಂದ ಕರೆ ಬಂದಿದೆ. ಶಿಬಿರ ಮುಂದಿನ ತಿಂಗಳು, ಬೆರಳು ಕೂಡಿದ ಮೇಲೆ. ಬರುವ ಸೋಮವಾರದೊಳಗೆ ಒಪ್ಪಿಗೆ ಕಳಿಸಬೇಕು. ಅವಳು ಹೋಗುವುದಿಲ್ಲವಂತೆ.

"ಕೋಚ್ ಹತ್ರ ಹೇಳಿದಾಳಂತೆ, ಕಲಿಸಿದ ಅಜ್ಜಂಗೇ ನಾನು ಪುಕ್ಕಲಿ ಅನ್ನಿಸಿದ ಮೇಲೆ ಅಲ್ಲಿಗೆ ಹೋಗಿ ಏನ್ ಮಾಡ್ಲಿ ಅಂತ. ಇವರು ನೋಡಿದ್ರೆ ಬಾಯಿಗೆ ಬೀಗ ಹಾಕ್ಕೊಂಡು ಕೂತಿದಾರೆ. ನಿಂಗೆ ಫೋನ್ ಮಾಡಿದ್ದು ಅವರಿಗೆ ಗೊತ್ತಿಲ್ಲ. ಏನಾದ್ರೂ ಮಾಡೇ."

ಆಗಲಿ ಅಮ್ಮ ಎಂದೆ. ಏನು ಮಾಡುವುದು? ಹೇಳಬೇಡಿ ಎಂದಿದ್ದಾರೆ ಅವರು. ಆ ಮಾತಿನ ಹಿಂದೆ ಎಷ್ಟು ಆರಾಮಾಗಿ ಅಡಗಿಕೊಂಡಿದ್ದೇನೆ ಎಂದು ನನಗೇ ಗೊತ್ತಿದೆ. ಹೇಳಿದರೆ ಅಂಕಣ ಹೋಗುತ್ತದೆ, ಆತ್ಮಕಥೆ ಹೋಗುತ್ತದೆ, ಈಜುಗಾರನೂ ಶೂ ಕಂಪನಿಯೂ ಹಿಂದೆ ಸರಿಯುತ್ತಾರೆ. ನೆರಳಿನಲ್ಲಿ ಕೂತು ಬರೆಯುವವಳು ಬೆಳಕಿಗೆ ಬಂದು ಬಾಯಿ ಬಿಟ್ಟಳೆಂದರೆ ಯಾರು ಕರೆಯುತ್ತಾರೆ? ಈ ವಯಸ್ಸಿನಲ್ಲಿ ಇನ್ನೇನು ಕೆಲಸ ಗೊತ್ತಿದೆ ನನಗೆ?

ಮಾರ್ಚ್ 12, ಮಂಗಳವಾರ

ಬ್ಯಾಂಕಿಗೆ ಹೋಗಬೇಕಿತ್ತು. ಅಕ್ಕ ಪಾಠದ ಕಾರಿನಲ್ಲೇ ಕರೆದುಕೊಂಡು ಹೋದಳು. ಸಿಗ್ನಲ್ಲಿನಲ್ಲಿ ನಿಂತಾಗ ಎಲ್ಲವನ್ನೂ ಹೇಳಿಬಿಟ್ಟೆ. ಎರಡು ರಿಂಗಿನ ವಿಷಯವನ್ನೂ.

ಬಯ್ಯುತ್ತಾಳೆ ಅಂದುಕೊಂಡಿದ್ದೆ. ಅವಳು ನನ್ನ ಕಾಲ ಬಳಿಯ ಎರಡನೇ ಬ್ರೇಕ್ ತೋರಿಸಿದಳು. ಕಲಿಯುವವರು ತಪ್ಪಿದರೆ ತಾನೇ ಒತ್ತಲು ಹಾಕಿಸಿದ್ದು. ಪಾಠದ ಹೊತ್ತಿನಲ್ಲಿ ಅವಳು ಕೂರುವುದು ಈ ಕಡೆಯ ಸೀಟಿನಲ್ಲಿ.

"ಅವರು ನಿನ್ ಹತ್ರ ಮಾತಾಡೋದೇ ಈ ಬ್ರೇಕ್ ಆಗಿತ್ತು ಕಣೇ. ಹೇಳ್ತಾ ಹೇಳ್ತಾ ಎಲ್ಲೋ ಒಂದ್ಕಡೆ 'ಅಯ್ಯೋ ಅದು ಹಾಗಲ್ಲ' ಅಂತ ಒತ್ತೋರು. ಅದನ್ನ ಕಿತ್ತು ಹಾಕಿ ಓಡಿಸ್ತಿದೀಯ ನೀನು."

"ಹಾಗಾದ್ರೆ ಈಗೇನ್ ಮಾಡ್ಲಿ?"

"ಗುದ್ದಿ ಆದ್ಮೇಲೆ ಏನ್ ಮಾಡ್ತಾರೆ? ಇಳಿದು ನೋಡ್ತಾರೆ. ಬಿದ್ದೋರನ್ನ ಎಬ್ಬಿಸ್ತಾರೆ. ಓಡಿ ಹೋಗಲ್ಲ." ಹಿಂದಿನ ಬಸ್ಸಿನವನು ಹಾರನ್ ಬಡಿದ. "ಇರಪ್ಪಾ, ಹೊರಟೆ!" ಎಂದು ಅವನ ಮೇಲೆ ರೇಗಿದಳು.

ಮನೆಗೆ ಬಂದ ಮೇಲೆ ನನ್ನ ಮೊದಲ ಕೆಲಸ ನೆನಪಾಯಿತು. ಪರ್ವತದ ಬುಡದ ಶಿಬಿರ. ಶಿಖರ ಮುಟ್ಟಿ ಇಳಿದು ಬಂದವನ ತುಟಿಯೆಲ್ಲ ಚಳಿಗೆ ಒಡೆದಿತ್ತು, ಮಾತಾಡಲು ಆಗುತ್ತಿರಲಿಲ್ಲ. ಬೇರೆ ಪತ್ರಿಕೆಯವರು ಅವನನ್ನು ನೋಡಿ ತಮಗೆ ತೋಚಿದ್ದು ಬರೆದು ಹೊರಟುಹೋದರು. ನಾನು ಬಿಸಿನೀರು ಕಾಯಿಸಿ ಕೊಡುತ್ತಾ, ಅವನು ಬಾಯಿ ತೆರೆಯುವವರೆಗೆ ಅಲ್ಲೇ ಕಾದೆ. ಕೊನೆಗೆ ಅವನು ಹೇಳಿದ್ದು ಇಷ್ಟೇ: "ಮೇಲೆ ಬರೀ ಗಾಳಿ. ಅಮ್ಮನ ನೆನಪಾಯ್ತು." ಅದನ್ನು ಹಾಗೇ ಬರೆದೆ. ಒಂದಕ್ಷರ ಸೇರಿಸಲಿಲ್ಲ. ಆಗ ನನಗೆ ಇಪ್ಪತ್ತನಾಲ್ಕು.

ಮಾರ್ಚ್ 14, ಗುರುವಾರ

ಅಳಿಲು ಕೆಲಸ ಮಾಡುವುದು ಒಂದು ಪಾರ್ಸೆಲ್ ಕಚೇರಿಯಲ್ಲಿ. ಮಧ್ಯಾಹ್ನ ಹೋದೆ. ಕೌಂಟರಿನಲ್ಲಿ ಅವಳೊಬ್ಬಳೇ. ಎಡಗೈಯ ಎರಡು ಬೆರಳಿಗೆ ಸೇರಿಸಿ ಪಟ್ಟಿ. ಉಳಿದ ಬೆರಳಿನಲ್ಲಿ ಪೆಟ್ಟಿಗೆ ಒತ್ತಿ ಹಿಡಿದು ಬಲಗೈಯಲ್ಲಿ ಚೀಟಿ ಅಂಟಿಸುತ್ತಿದ್ದಳು. ಟೀವಿಯಲ್ಲಿ ಕಾಣುವುದಕ್ಕಿಂತ ಚಿಕ್ಕ ಹುಡುಗಿ.

"ನೀವು ಅಜ್ಜನ ಮನೇಗೆ ಬರ್ತಿದ್ದ ಆಂಟಿ ಅಲ್ವಾ? ಅವರು ಹೇಳಿದ್ದು ಟೈಪ್ ಮಾಡ್ಕೊಡೋರು?"

ಹೌದು ಎಂದುಬಿಡಬಹುದಿತ್ತು. ಒಂದು ಕ್ಷಣ ಹಾಗೇ ಅನ್ನಿಸಿತು.

"ಟೈಪ್ ಮಾಡೋಳಲ್ಲಮ್ಮ. ಬರೆಯೋಳು. ಅಂಕಣ ಬರೆಯೋದು ನಾನು. ಅವತ್ತಿಂದು ಪೂರ್ತಿ ನಂದೇ. ಅವರನ್ನ ಒಂದ್ ಮಾತು ಕೇಳ್ಲಿಲ್ಲ."

ಅಷ್ಟರಲ್ಲಿ ಒಬ್ಬರು ದೊಡ್ಡ ಪೆಟ್ಟಿಗೆ ತಂದು ಕೌಂಟರಿನ ಮೇಲೆ ಧೊಪ್ಪನೆ ಇಟ್ಟರು. ಅಳಿಲು ನನ್ನ ಮುಖದಿಂದ ಕಣ್ಣು ಕೀಳದೆಯೇ ಅವರನ್ನು ಕೇಳಿದಳು. "ಒಡೆಯೋ ಸಾಮಾನಿದೆಯಾ ಸರ್?" ಇಲ್ಲ, ಬಟ್ಟೆ ಎಂದರು ಅವರು. ತೂಕ ಹಾಕಿದಳು, ರಸೀದಿ ಕೊಟ್ಟಳು. ಅವರು ಹೋಗುವವರೆಗೆ ನಾನು ಕೌಂಟರಿನ ಪಕ್ಕ ನಿಂತಿದ್ದೆ. ಜೀವಮಾನದಲ್ಲಿ ಅಷ್ಟು ಉದ್ದದ ರಸೀದಿ ಕಂಡಿಲ್ಲ.

"ಪೇಪರ್ ಬರೋ ಮೊದ್ಲು ಅಜ್ಜಂಗೆ ಗೊತ್ತಿತ್ತಾ?"

"ಇಲ್ಲ. ನೀನು ಓದಿದಾಗ್ಲೇ ಅವರು ಮೊದಲು ಕೇಳಿದ್ದು."

ಅವಳ ಕೈಯಲ್ಲಿದ್ದ ಚೀಟಿ ಬೆರಳಿಗೇ ಅಂಟಿಕೊಂಡಿತ್ತು. ಬಿಡಿಸಿಕೊಳ್ಳಲಿಲ್ಲ.

"ಫೋನ್ ಮಾಡೋದಲ್ವಾ?"

ಎರಡು ರಿಂಗಿನ ವಿಷಯ ಹೇಳಿದೆ. ಮೂರನೆಯದಕ್ಕೆ ಅಜ್ಜಿ ಎತ್ತುತ್ತಿದ್ದರು ಎಂಬುದನ್ನೂ ಹೇಳಿದೆ. ಅವಳು ಬಯ್ಯಲಿಲ್ಲ. ಬೀರುವಿನ ಬಾಗಿಲಲ್ಲಿ ಅಂಟಿಸಿದ್ದನ್ನು ಒಂದೊಂದಾಗಿ ಕೇಳತೊಡಗಿದಳು.

"ಎದುರುಗಾಳಿ ಇದ್ದಾಗ ಚೆಂಡು ಕೊನೇಲಿ ಇಳಿಯತ್ತೆ, ಅರ್ಧ ಹೆಜ್ಜೆ ಮುಂದೆ ನಿಲ್ಲು ಅಂತಿತ್ತಲ್ಲ?"

"ಅವರದು. ಅಕ್ಷರ ಅಕ್ಷರ ಅವರದು."

"ಒದೆಯೋರ ಕಣ್ಣು ನೋಡ್ಬೇಡ, ಮಂಡಿ ನೋಡು?"

"ಅದೂ ಅವರದೇ."

"ಸೋಲು ಅನ್ನೋದು ಗೋಲ್‌ಕೀಪರ್ ತೊಡುವ ಅಂಗಿ?"

"ಅದು ನಂದು."

"ಅದು ನಂಗೆ ಅರ್ಥಾನೇ ಆಗಿರ್ಲಿಲ್ಲ," ಎಂದಳು.

ಮತ್ತೊಬ್ಬರು ಪಾರ್ಸೆಲ್ ಹಿಡಿದು ಒಳಗೆ ಬಂದರು. ಅಳಿಲು ಅವರ ಕಡೆ ತಿರುಗುವ ಮೊದಲು ಹೇಳಿದಳು. "ಭಾನುವಾರ ಅಜ್ಜನ ಮನೇಗೆ ಬನ್ನಿ."

"ಯಾಕೆ?"

"ಬನ್ನಿ."

ಮಾರ್ಚ್ 15, ಶುಕ್ರವಾರ

ಸಂಪಾದಕನಿಗೆ ನಿಜ ಹೇಳಿದೆ. ಅಂಕಣ ನಿಲ್ಲಿಸಿ, ಆವತ್ತಿನದು ಬರೆದವಳು ನಾನು ಎಂದು ಪುಟದಲ್ಲಿ ಹಾಕಿ ಎಂದೆ. "ಮೇಡಂ, ಯಾರ್ ಕೇಳಿದ್ರು ಇದನ್ನ? ಎಲ್ಲರೂ ಮಾಡೋದೇ ಅಲ್ವಾ? ನೀವು ತಲೆ ಕೆಡಿಸ್ಕೋಬೇಡಿ" ಎಂದ. ಹಾಕಿ ಎಂದೆ. ನೋಡೋಣ ಎಂದ.

ಮಾರ್ಚ್ 17, ಭಾನುವಾರ

ಹೋದೆ. ಅಳಿಲು ನನಗಿಂತ ಮೊದಲೇ ಬಂದಿದ್ದಳು. ಅವರ ಕುರ್ಚಿಗೆ ದೂರವಾಗಿ, ಬಾಗಿಲ ಪಕ್ಕದ ಬೆತ್ತದ ಸ್ಟೂಲಿನ ಮೇಲೆ ಕೂತಿದ್ದಳು. ನಾನು ಹೇಳಿದ್ದನ್ನು ಅವಳು ತಿಳಿಸಿದ್ದು ಬಿಟ್ಟರೆ ಇಬ್ಬರೂ ಮಾತಾಡಿದ ಹಾಗಿರಲಿಲ್ಲ. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು.

ಗೋಡೆ ನನ್ನ ದನಿ ಕೇಳಿ ಮುಖ ತಿರುಗಿಸಿದರು. "ಹೇಳ್ಬೇಡಿ ಅಂದಿದ್ದೆ."

"ಹೌದು ಸರ್."

ಅಳಿಲು ಎದ್ದು ಬಂದು ಪತ್ರಿಕೆ ನನ್ನ ಕೈಗಿಟ್ಟಳು. ಅದೇ ಭಾನುವಾರದ್ದು, ಅದೇ ಮಡಿಕೆ.

"ಓದಿ. ಅಜ್ಜಂಗೆ ಕೇಳ್ಸೋ ಹಾಗೆ, ಗಟ್ಟಿಯಾಗಿ."

ಓದಿದೆ. ರೇಡಿಯೋದಲ್ಲಿ ಸಾವಿರಾರು ಜನರಿಗೆ ಮಾತಾಡಿದವಳು ನಾನು. ಇವತ್ತು ಮೂರು ಜನರ ಮುಂದೆ ಎರಡು ಸಲ ಶುರು ಮಾಡಬೇಕಾಯಿತು. ಮೊದಲ ಪ್ಯಾರಾ ಹೇಗೋ ದಾಟಿತು. ಆ ಸಾಲು ಬಂದಾಗ ಕಣ್ಣು ತಾನಾಗಿ ಕೆಳಕ್ಕೆ ಜಾರಿತು, ಮುಂದಿನದನ್ನು ಓದಿದೆ.

"ಒಂದ್ ಸಾಲು ಬಿಟ್ರಿ," ಎಂದಳು. "ನಾನು ಬಿಟ್ಟಿರ್ಲಿಲ್ಲ."

ಹಿಂದಕ್ಕೆ ಹೋಗಿ ಓದಿದೆ. ಕೈಯಿದ್ದರೆ ಸಾಲದು ಎಂದು ಓದಿದೆ, ಆ ಗುಂಡಿಗೆ ಈ ಹುಡುಗಿಗಿಲ್ಲ ಎಂದು ಓದಿದೆ. ಎದುರಿಗೆ ಅವಳ ಕೈ ಇತ್ತು. ಪಟ್ಟಿಯ ತುದಿಯಲ್ಲಿ ಕಾಣುತ್ತಿದ್ದ ಉಗುರು ಇನ್ನೂ ಕಪ್ಪಗಿತ್ತು. ನಾನು ಕಣ್ಣಾರೆ ಕಂಡೆ ಎಂಬುದನ್ನೂ ಓದಿ ಮುಗಿಸಿ, ಪತ್ರಿಕೆ ಮಡಚಲು ಹೋದೆ.

"ಹೆಸರು," ಎಂದಳು ಅಳಿಲು. "ಕೊನೇಲಿ ಹೆಸರು ಓದಿ ಮುಗಿಸೋದು ನಾವಿಲ್ಲಿ."

ಅಚ್ಚಾಗಿದ್ದದ್ದು ಅವರ ಹೆಸರು. ನಾನು ನನ್ನ ಹೆಸರು ಓದಿದೆ.

ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಹೋದರು. ಅಳಿಲು ನನ್ನನ್ನು ಬಿಟ್ಟು ಅವರ ಕಡೆ ತಿರುಗಿದಳು. ಆಗ ಅವಳಿಗೆ ಸಿಟ್ಟು ಬಂತು.

"ಮೈದಾನದಲ್ಲಿ ಬೆರಳು ತೋರಿಸ್ಬಾರ್ದು, ಸರಿ ಅಜ್ಜ. ಆದ್ರೆ ಕೂಗ್ಬೇಕು ಅಂತ ಕಲಿಸಿದ್ದೂ ನೀವೇ. ಕೀಪರ್ ಸುಮ್ನೆ ನಿಂತ್ರೆ ಮುಂದಿರೋರಿಗೆ ಏನ್ ಗೊತ್ತಾಗತ್ತೆ ಅಂತ ಎಷ್ಟ್ ಸಲ ಬೈದಿದೀರ ನಂಗೆ? ನಾನು ಮುಂದೇನೇ ಕೂತಿದ್ದೆ. ಒಂದ್ಸಲ ಕೂಗ್ಬಾರ್ದಿತ್ತಾ?"

"ತಪ್ಪಾಯ್ತು ಮಗಾ," ಎಂದರು. ಅಷ್ಟು ದೊಡ್ಡ ಮನುಷ್ಯ ಅಷ್ಟು ಸಣ್ಣ ದನಿಯಲ್ಲಿ. ಅದು ನಾನು ಹೇಳಬೇಕಾಗಿದ್ದ ಮಾತು. ನಾನೂ ಹೇಳಿದೆ. ಅಳಿಲು ನನ್ನ ಕಡೆ ನೋಡಲಿಲ್ಲ.

ಅವಳು ನೆಲದ ಮೇಲೆ ಕೂತು ಎಡಗೈಯನ್ನು ಅವರ ತೊಡೆಯ ಮೇಲಿಟ್ಟಳು. "ಪಟ್ಟಿ ಸಡಿಲ ಆಗಿದೆ." ಅವರು ಕಣ್ಣು ಮುಚ್ಚಿ ಬೆರಳಿನಿಂದಲೇ ತಡವಿ ನೋಡಿ ಬಿಚ್ಚಿದರು, ಮತ್ತೆ ಸುತ್ತಿದರು. ಅಮ್ಮ ಕಾಫಿ ತಂದರು. ನನಗೂ ಒಂದು ಲೋಟವಿತ್ತು. ಕುಡಿದು, ಲೋಟ ತೊಳೆದಿಟ್ಟು ಬಂದೆ.

ಮಾರ್ಚ್ 22, ಶುಕ್ರವಾರ

ಬುಧವಾರ ಪುಟದಲ್ಲಿ ಹಾಕಿದ್ದಾರೆ. ಚದುರಂಗದ ಸಮಸ್ಯೆಯ ಕೆಳಗೆ ಎರಡು ಸಾಲು, ನನ್ನ ಹೆಸರಿನ ಸಮೇತ. ನನ್ನ ಹೆಸರು ಆ ಪತ್ರಿಕೆಯಲ್ಲಿ ಅಚ್ಚಾಗಿ ವರ್ಷಗಳಾಗಿದ್ದವು. ಈಜುಗಾರ ಫೋನ್ ಮಾಡಿ ತನ್ನ ಪುಸ್ತಕ ಸದ್ಯಕ್ಕೆ ಬೇಡ ಎಂದ. ಹಳೆಯ ಸಹೋದ್ಯೋಗಿಯೊಬ್ಬ ಬೀದಿಯಲ್ಲಿ ಕಂಡು ಆಚೆ ಬದಿಗೆ ದಾಟಿದ. ಅವನೂ ಇಬ್ಬರು ಆಟಗಾರರ ಹೆಸರಿನಲ್ಲಿ ಬರೆಯುತ್ತಾನೆ. ಕಾಲೇಜಿನ ಹುಡುಗಿಯರ ಪಂದ್ಯಗಳ ವರದಿಗೆ ಒಂದು ಚಿಕ್ಕ ಪತ್ರಿಕೆಯವರು ಜನ ಹುಡುಕುತ್ತಿದ್ದಾರಂತೆ. ನಾಳೆ ಮೈದಾನಕ್ಕೆ ಹೋಗಬೇಕು, ಕೊಡೆ ತೆಗೆದಿಟ್ಟಿದ್ದೇನೆ.

ಸಂಜೆ ಶುಕ್ರವಾರದ ಅಭ್ಯಾಸಕ್ಕೆ ಕೈ ಫೋನಿಗೆ ಹೋಯಿತು. ಮಾಡಿದೆ. ಹೊಡೆದುಕೊಳ್ಳುತ್ತಲೇ ಇತ್ತು. ಎತ್ತುವವರೆಗೂ ಬಿಟ್ಟೆ.

"ಹಲೋ," ಎಂದರು, ಏದುಸಿರು ಬಿಡುತ್ತಾ. "ಏನಮ್ಮಾ, ಅಂಕಣಾನಾ?"

"ಅಂಕಣ ನಿಂತಿದೆ ಸರ್."

"ಹೌದಲ್ವಾ. ಮತ್ತೇನು?"

"ಏನಿಲ್ಲ. ಹೇಗಿದೀರಿ ಅಂತ."

ಕುರ್ಚಿ ಎಳೆದುಕೊಂಡ ಸದ್ದು ಕೇಳಿಸಿತು. ಅಳಿಲು ಸೋಮವಾರವೇ ಒಪ್ಪಿಗೆ ಕಳಿಸಿದಳಂತೆ. ನನ್ನ ವಿಷಯ ಅವಳು ಏನೂ ಹೇಳಿಲ್ಲವಂತೆ. ಅಲ್ಲಿನ ಮೈದಾನದಲ್ಲಿ ಹುಲ್ಲು ಉದ್ದ ಬಿಡುತ್ತಾರೆ, ಚೆಂಡು ನಿಂತು ನಿಂತು ಬರುತ್ತದೆ, ಅದಕ್ಕೆ ಬೇರೆ ಗವಸು ಬೇಕು, ಆ ಚರ್ಮ ಈಗ ಸಿಗುವುದಿಲ್ಲ, ಹಿಂದೆ ಒಬ್ಬ ರೆಫರಿ ಇದ್ದ ಎಂದು ಶುರು ಮಾಡಿದರು. ಪೆನ್ನು ಕೈಯಲ್ಲಿರಲಿಲ್ಲ, ಸುಮ್ಮನೆ ಕೇಳುತ್ತಾ ಕೂತೆ. ಅಕ್ಕ ಕೊನೆಯ ಪಾಠ ಮುಗಿಸಿ ಬಂದು ಬಾಗಿಲಲ್ಲಿ ಚಪ್ಪಲಿ ಬಿಟ್ಟಳು, ಕೈಕಾಲು ತೊಳೆದು ತಟ್ಟೆ ಹಾಕಿ ಕಾಯುತ್ತಾ ಕೂತಳು. ಅವರು ಇನ್ನೂ ರೆಫರಿಯ ಬೂಟಿನ ಹತ್ತಿರವೇ ಇದ್ದರು.